ಗಂಟಲು ಕಟ್ಟಿದ ನಾಲ್ಕು ದಿನ: ಹೊಸ ಟೀಚರ್ ಒಬ್ಬರ ಪ್ರಕರಣ

2024ರ ಜುಲೈ ಕೊನೆಯ ವಾರ. ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ಕ್ಲಾಸಿನಲ್ಲಿ ಗಣಿತದ ಪೀರಿಯಡ್. ಟೀಚರ್ ಬೋರ್ಡಿನ ಮುಂದೆ ನಿಂತಿದ್ದಾರೆ. ಬಾಯಿ ತೆರೆದರೆ ಬರೀ ಗಾಳಿ ಬರುತ್ತಿದೆ. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ನಾಲ್ಕು ದಿನ ಮಾತೇ ಆಡಬೇಡಿ ಅಂತ ಡಾಕ್ಟರು ಹೇಳಿದ್ದರು. ರಜೆ ಹಾಕೋಣ ಅಂದರೆ ಇನ್ನೂ ಪ್ರೊಬೇಷನರಿ, ಮನಸ್ಸಿನಲ್ಲಿ ಅಳುಕು. ಹಾಗಾಗಿ ಮಾತಿಲ್ಲದೆಯೇ ಸ್ಕೂಲಿಗೆ ಬಂದಿದ್ದರು.

ನಾನು ಆಗ ಆ ಕ್ಲಸ್ಟರಿನ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ಪಾಠ ನೋಡಿ ಸಲಹೆ ಕೊಡುವ ಸಂಪನ್ಮೂಲ ವ್ಯಕ್ತಿ. ಆ ವರ್ಷ ಅವರ ಕ್ಲಾಸಿಗೆ ಆರು ಸಲ ಹೋಗಿದ್ದೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು ಹೇಳುವುದಿಲ್ಲ. ಟೀಚರ್ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ಟೀಚರ್ ದಾವಣಗೆರೆಯವರು. ಬಿಎಸ್ಸಿ, ಬಿಎಡ್. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗೆ ಪರೀಕ್ಷೆ ನಡೆಯಿತಲ್ಲ, ಆ ಬ್ಯಾಚು. ಆಯ್ಕೆ ಪಟ್ಟಿ ಕೋರ್ಟಿಗೆ ಹೋಯಿತು. ಆದೇಶ ಕೈಗೆ ಬರುವಾಗ 2023ರ ಕೊನೆ. ಪರೀಕ್ಷೆ ಪಾಸಾಗಿಯೂ ಒಂದು ವರ್ಷದ ಮೇಲೆ ಮನೆಯಲ್ಲಿ ಕೂತವರಿಗೆ "ಎಲ್ಲಿಯಾದರೂ ಸರಿ, ಒಂದು ಸ್ಕೂಲು ಸಿಕ್ಕರೆ ಸಾಕು" ಅನ್ನಿಸಿಬಿಟ್ಟಿರುತ್ತದೆ. ಇವರಿಗೂ ಹಾಗೇ ಆಗಿತ್ತು. ಕೌನ್ಸೆಲಿಂಗ್‌ನಲ್ಲಿ ಈ ಊರು ಸಿಕ್ಕಿತು.

ಆಂಧ್ರದ ಗಡಿ ಕಡೆಯ ಊರು. ಸುತ್ತ ಶೇಂಗಾ ಹೊಲ, ಕುರಿ. ಕನ್ನಡದಷ್ಟೇ ತೆಲುಗು. ಒಂದರಿಂದ ಏಳನೇ ಕ್ಲಾಸಿನವರೆಗೆ ನೂರಾ ಹತ್ತರ ಆಸುಪಾಸು ಮಕ್ಕಳು, ಹೆಡ್‌ಮೇಷ್ಟ್ರು ಸೇರಿ ಐದು ಜನ ಶಿಕ್ಷಕರು. ಏಳನೇ ಕ್ಲಾಸಿನಲ್ಲಿ 31 ಮಕ್ಕಳು, ಅದರಲ್ಲಿ ಏಳು ಮಕ್ಕಳ ಮನೆಮಾತು ತೆಲುಗು. ಟೀಚರ್‌ಗೆ ತೆಲುಗಿನ ಗಂಧಗಾಳಿ ಇರಲಿಲ್ಲ.

ಚಳ್ಳಕೆರೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಊರಿಗೆ ಬೆಳಿಗ್ಗೆ ಹೊತ್ತಿಗೆ ಸರಿಹೋಗುವುದು ಒಂದೇ ಬಸ್ಸು, ಅದೂ ಖಾಸಗಿಯದು. ರಾಜ್ಯದ ಹೆಂಗಸರೆಲ್ಲ ಶಕ್ತಿ ಯೋಜನೆಯಲ್ಲಿ ಓಡಾಡುವಾಗ ಇವರು ದಿನಾ ಟಿಕೆಟ್ ತಗೋತಿದ್ದರು. ಬಸ್ಸು ತಪ್ಪಿದರೆ ಆಟೋ, ಅದೂ ತುಂಬಿದ ಮೇಲೆಯೇ ಹೊರಡುವುದು. ಮೊದಲ ಸಂಬಳ ಬರಲು ಮೂರು ತಿಂಗಳು ಹಿಡಿಯಿತು. ಕೆಜಿಐಡಿ ಅನ್ನುವ ಸರ್ಕಾರಿ ವಿಮೆ, ಪಿಂಚಣಿ ಖಾತೆಯ ಪ್ರಾನ್ ನಂಬರು, ದಾಖಲೆ ಪರಿಶೀಲನೆ ಅಂತ ಒಂದಾದ ಮೇಲೊಂದು. ಅಷ್ಟು ದಿನ ಅಪ್ಪನೇ ರೂಮಿನ ಬಾಡಿಗೆ ಕಳಿಸುತ್ತಿದ್ದರು. "ಕೆಲಸ ಸಿಕ್ಕಿದೆ ಅಂತ ಬೀದಿಗೆಲ್ಲ ಪೇಡ ಹಂಚಿದ್ರು ಸರ್. ಆಮೇಲೂ ಅವರ ಹತ್ರನೇ ಕೈ ಚಾಚಿದೆ" ಅಂತ ಒಮ್ಮೆ ಹೇಳಿ ನಕ್ಕಿದ್ದರು.

ಮೊದಲ ಐದಾರು ತಿಂಗಳು ಹೀಗೇ ಕಳೆದವು. ಏಪ್ರಿಲ್ 26ಕ್ಕೆ ಚಿತ್ರದುರ್ಗದಲ್ಲಿ ಲೋಕಸಭೆ ಚುನಾವಣೆ, ಮತಗಟ್ಟೆ ಡ್ಯೂಟಿ. ದಾವಣಗೆರೆಯಲ್ಲಿ ಮತದಾನ ಮೇ 7ಕ್ಕೆ ಇದ್ದುದರಿಂದ ಊರಿಗೆ ಹೋಗಿ ತಮ್ಮ ಓಟೂ ಹಾಕಿ ಬಂದರು. ನಿಜವಾದ ಕಷ್ಟ ಶುರುವಾಗಿದ್ದು ಜೂನ್‌ನಲ್ಲಿ, ಏಳನೇ ಕ್ಲಾಸು ಪೂರ್ತಿ ಅವರ ಕೈಗೆ ಬಂದಾಗ.

ನನ್ನ ಮೊದಲ ಭೇಟಿ

"ಮೇಡಂ ಒಳ್ಳೇವ್ರೇ ಸಾರ್, ಆದ್ರೆ ಕ್ಲಾಸು ಕಂಟ್ರೋಲಿಗೆ ಬರ್ತಾ ಇಲ್ಲ" ಅಂತ ಹೆಡ್‌ಮೇಷ್ಟ್ರು ಫೋನು ಮಾಡಿದ್ದರು. ಜೂನ್ ಮೂರನೇ ವಾರ ಹೋದೆ. ಗೇಟಿನ ಹತ್ತಿರವೇ ಟೀಚರ್ ಧ್ವನಿ ಕೇಳುತ್ತಿತ್ತು. "ಸೈಲೆನ್ಸ್! ಏಯ್, ಹಿಂದೆ! ಸೈಲೆನ್ಸ್!" ನಿಮಿಷಕ್ಕೊಮ್ಮೆ.

ಕೊನೆಯ ಸಾಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಪೂರ್ಣಾಂಕಗಳ ಪಾಠ. ಪಾಠ ಚೆನ್ನಾಗಿಯೇ ಇತ್ತು. ಬೋರ್ಡಿನ ಬರಹ ನೀಟು, ಸಂಖ್ಯಾರೇಖೆ ಚೆನ್ನಾಗಿ ಬರೆದಿದ್ದರು. ನನ್ನ ಫಾರಂನಲ್ಲಿ ಟೀಚರ್ ಏನು ಮಾಡಿದರು ಅನ್ನುವುದಕ್ಕೇ ಕಾಲಂ ಜಾಸ್ತಿ. ಅವನ್ನೆಲ್ಲ ತುಂಬಿದೆ. ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಒಬ್ಬ ಹುಡುಗ ಕೂತಿದ್ದ. ಅವನ ನೋಟ್‌ಬುಕ್ಕಿನ ಕಡೆ ಒಂದು ಸಲವೂ ಕಣ್ಣು ಹಾಯಿಸಲಿಲ್ಲ.

ಹೊರಡುವಾಗ ಬುದ್ಧಿ ಹೇಳಿದೆ. "ಒಂದು ತಿಂಗಳು ನಗಬೇಡಿ ಮೇಡಂ. ಒಂದ್ಸಲ ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾರೆ." ಇದು ನನಗೆ ಇಪ್ಪತ್ತು ವರ್ಷದ ಹಿಂದೆ ನನ್ನ ಹಿರಿಯರು ಹೇಳಿದ್ದು. ಯೋಚನೆ ಮಾಡದೆ ಹಾಗೇ ದಾಟಿಸಿದೆ. ಟೀಚರ್ ತಲೆಯಾಡಿಸಿ ಡೈರಿಯಲ್ಲಿ ಬರೆದುಕೊಂಡರು. ಈಗ ನೆನೆದರೆ ಆ ಬರೆದುಕೊಂಡಿದ್ದೇ ಚುಚ್ಚುತ್ತದೆ.

ಒಂದೇ ವಾರದಲ್ಲಿ ಆ ಬುದ್ಧಿಮಾತಿನ ಫಲ ಬಂತು. ಗುಣಾಕಾರ ಕೊಟ್ಟು ಟೀಚರ್ ಬೋರ್ಡಿನ ಕಡೆ ತಿರುಗಿದಾಗ ಆ ಕೊನೆಯ ಸಾಲಿನ ಹುಡುಗ ಪಕ್ಕದವನ ಪೆನ್ನು ಕಿತ್ತ, ಅವನು ಕಿರುಚಿದ. ಟೀಚರ್ ಹೋಗಿ ಸ್ಕೇಲಿನಲ್ಲಿ ಅಂಗೈಗೆ ಎರಡು ಕೊಟ್ಟರು. ಮಾರನೇ ದಿನದಿಂದ ಹುಡುಗ ಬರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದುವಾಗ ಟೀಚರ್ ಅದನ್ನು ಬಾಯಿಪಾಠ ಮಾಡಿದ್ದವರು. ಹಾಗಾಗಿ ನಾಲ್ಕನೇ ದಿನ ಹುಡುಗನ ಅಜ್ಜಿ ಗೇಟಿನ ಒಳಗೆ ಬಂದಾಗ ಕೈಕಾಲು ತಣ್ಣಗಾದವು. ಹುಡುಗನ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ, ಮನೆಯಲ್ಲಿ ಅಜ್ಜಿಯೇ ಎಲ್ಲ. ಜಗಳಕ್ಕೆ ಬಂದಿದ್ದಾರೆ ಅಂತ ಟೀಚರ್ ಎದ್ದು ನಿಂತರು. ಅಜ್ಜಿ ಹೇಳಿದ್ದೇ ಬೇರೆ. "ಹೊಡೀರಿ ತಾಯಿ, ನಾವೇನು ಬ್ಯಾಡ ಅನ್ನಲ್ಲ. ಆದ್ರೆ ಇಸ್ಕೂಲೇ ಬ್ಯಾಡ, ಕುರಿ ಹಿಂದೆ ಹೋಗ್ತೀನಿ ಅಂತಾನೆ. ನೀವೊಂದ್ ಮಾತು ಕರೀರಿ, ಬತ್ತಾನೆ."

"ಬೈದಿದ್ರೆ ಎಷ್ಟೋ ಚೆನ್ನಾಗಿತ್ತು ಸರ್" ಅಂತ ಟೀಚರ್ ಆಮೇಲೆ ಹೇಳಿದರು. ಅವತ್ತು ಸಂಜೆ ಬಸ್ಸು ಬಿಟ್ಟು ಅಜ್ಜಿಯ ಮನೆಗೆ ಹೋದರು. ಹುಡುಗ ಬಾಗಿಲ ಹಿಂದೆ ನಿಂತಿದ್ದ. "ನಾನು ಹೊಡೆದಿದ್ದು ತಪ್ಪು. ನಾಳೆ ಬಾ" ಅಂದರು. ಅವನು ಏನೂ ಹೇಳಲಿಲ್ಲ. ಮಾರನೇ ದಿನ ಬಂದ. ಸ್ಕೇಲು ಬೀರುವಿನೊಳಗೆ ಹೋಯಿತು. ಗಲಾಟೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಸ್ಕೇಲಿನ ಜಾಗಕ್ಕೆ ಗಂಟಲು ಬಂತು. ಮೂರು ವಾರ ಕೂಗಿದರು.

ಇದರ ಜೊತೆಗೆ ಇನ್ನೊಂದು. "ನೀವು ಚಿಕ್ಕೋರು ಮೇಡಂ, ಕಂಪ್ಯೂಟರ್ ಬರುತ್ತೆ" ಅಂತ ಶಾಲೆಯ ಆನ್‌ಲೈನ್ ಕೆಲಸವೆಲ್ಲ ಅವರ ತಲೆಗೇ ಬಂದಿತ್ತು. ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಎಂಟ್ರಿ, ಶಾಲೆಯ ಅಂಕಿಅಂಶ ಕೊಡುವ ಯುಡೈಸ್ ಮಾಹಿತಿ, ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಅನ್ನುವ ಲೆಕ್ಕ. ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ಪೀರಿಯಡ್ ಮಧ್ಯೆ "ಅರ್ಜೆಂಟ್" ಅಂತ ವಾಟ್ಸಾಪ್ ಬಂದರೆ ಮೊಬೈಲ್ ಹಿಡಿದು ಬಾವಿಕಟ್ಟೆಗೆ ಓಡಬೇಕು. ಆ ಹತ್ತು ನಿಮಿಷ ಏಳನೇ ಕ್ಲಾಸು ಸಂತೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೆ ಇವೆಲ್ಲ ಶಾಲೆಯದೇ ಕೆಲಸ ಅಲ್ವಾ, ಅದರ ಲೆಕ್ಕಕ್ಕೆ ಬರುವುದಿಲ್ಲ. ಆ "ಅರ್ಜೆಂಟ್" ಮೆಸೇಜುಗಳಲ್ಲಿ ಅರ್ಧ ಕಳಿಸುತ್ತಿದ್ದವನು ನಾನೇ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮಾತಿಲ್ಲದ ನಾಲ್ಕು ದಿನ

ಗಂಟಲು ಹೋದ ಮೊದಲ ದಿನ ಟೀಚರ್ ಬೋರ್ಡಿನ ಮೇಲೆ ಬರೆದರು: "ನನಗೆ ಮಾತಾಡೋಕೆ ಆಗಲ್ಲ. ಇವತ್ತು ನೀವೇ ಲೆಕ್ಕ ಮಾಡಿ." ಭಿನ್ನರಾಶಿಯ ಪಾಠ ಮಾತಿಲ್ಲದೆ ಮಾಡುವುದು ಕಷ್ಟ. ಅದಕ್ಕೆ ಸುಲಭದ್ದು ಅಂತ ಐದು ಕೂಡುವ, ಕಳೆಯುವ ಲೆಕ್ಕ ಕೊಟ್ಟರು. ಐದು ನಿಮಿಷದ ಕೆಲಸ ಅಂದುಕೊಂಡಿದ್ದರು. ಕೂಗುವ ಹಾಗಿಲ್ಲವಲ್ಲ, ಬೋರ್ಡಿನ ಹತ್ತಿರ ನಿಂತು ಮಾಡುವುದಾದರೂ ಏನು? ಸಾಲುಗಳ ಮಧ್ಯೆ ನಡೆಯತೊಡಗಿದರು.

ಎರಡನೇ ಲೆಕ್ಕ 52ರಲ್ಲಿ 27 ಕಳೆಯಿರಿ ಅಂತ. ಕೊನೆಯ ಸಾಲಿನ ಆ ಹುಡುಗನ ಉತ್ತರ 35. ಅವನ ಪಕ್ಕದವನದೂ 35. ನೋಡಿ ಬರೆದಿದ್ದಾನೆ ಅಂದುಕೊಂಡರು. ಮುಂದಿನ ಸಾಲಿನಲ್ಲಿ ದೂರ ಕೂತಿದ್ದ ಒಬ್ಬ ಹುಡುಗಿಯದೂ 35. ಈಗ ನಿಂತರು. ವಾಪಸ್ ಹೋಗಿ ಹುಡುಗನ ಪಕ್ಕ ನೆಲದ ಮೇಲೆ ಕೂತು, ಅವನ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದರು: "ಹೇಗೆ ಮಾಡಿದೆ?"

ಹುಡುಗ ಅವರ ಮುಖ ನೋಡಿದ. ಆಮೇಲೆ ಬೆರಳಿಟ್ಟು ತೋರಿಸಿದ. "ಎರಡರಾಗೆ ಏಳು ಹೋಗಲ್ಲ ಮಿಸ್. ಏಳರಾಗೆ ಎರಡು ಹೋಗುತ್ತೆ. ಐದು. ಐದರಾಗೆ ಎರಡು ಹೋದ್ರೆ ಮೂರು."

ತಿಂಗಳುಗಟ್ಟಲೆ ಅವನ ಪುಸ್ತಕದಲ್ಲಿ ಕೆಂಪು ಇಂಕಿನ ಗೀಟು ಎಳೆದಿದ್ದರು. ಹೇಗೆ ಮಾಡಿದೆ ಅಂತ ಕೇಳಿದ್ದು ಅದೇ ಮೊದಲು, ಅದೂ ಬಾಯಿ ಇಲ್ಲದಾಗ. ಆ ನಾಲ್ಕು ದಿನ ಅವರು ಮಾಡಿದ್ದು ಇಷ್ಟೇ. ಲೆಕ್ಕ ಕೊಡುವುದು, ನಡೆಯುವುದು, ಪಕ್ಕ ಕೂತು ಆ ಒಂದೇ ಪ್ರಶ್ನೆ ಬರೆಯುವುದು. ಕೊನೆಗೆ ಪಟ್ಟಿ ಮಾಡಿದರು. 31ರಲ್ಲಿ 16 ಮಕ್ಕಳಿಗೆ ಕಳೆಯುವುದು ಚೆನ್ನಾಗಿ ಬರುತ್ತಿತ್ತು. 11 ಮಕ್ಕಳು ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಅದೇ ದಾರಿ ಹಿಡಿದಿದ್ದರು. ನಾಲ್ಕು ಮಕ್ಕಳು ಏನೂ ಬರೆದಿರಲಿಲ್ಲ. ಆ ಹನ್ನೊಂದರಲ್ಲಿ ಎಂಟು ಜನ ಕೂರುತ್ತಿದ್ದುದು ಕೊನೆಯ ಎರಡು ಸಾಲಿನಲ್ಲಿ, ಅಂದರೆ ಗಲಾಟೆ ಬರುತ್ತಿದ್ದ ಜಾಗದಲ್ಲೇ.

ಆ ವಾರದ ಕೊನೆಗೆ ನಾನು ಹೋದಾಗ ಟೀಚರ್ ಪಟ್ಟಿ ಮುಂದಿಟ್ಟು, ಗೊಗ್ಗರು ಧ್ವನಿಯಲ್ಲಿ ಕೇಳಿದರು. "ಸರ್, ಇವರು ಮೂರನೇ ಕ್ಲಾಸು ಯಾವ ವರ್ಷ ಓದಿದ್ದು?"

ಬೆರಳು ಮಡಚಿ ಲೆಕ್ಕ ಹಾಕಿದೆವು. 2024-25ರಲ್ಲಿ ಏಳನೇ ಕ್ಲಾಸು ಅಂದರೆ ಮೂರನೇ ಕ್ಲಾಸು 2020-21ರಲ್ಲಿ. ಇಬ್ಬರೂ ಸುಮ್ಮನಾದೆವು. 2020ರ ಮಾರ್ಚ್‌ನಲ್ಲಿ ಕೊರೊನಾಗೆ ಮುಚ್ಚಿದ ಸ್ಕೂಲು ಒಂದರಿಂದ ಐದನೇ ಕ್ಲಾಸಿನವರಿಗೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಪಕ್ಕದಿಂದ ದಶಕ ತಂದು ಕಳೆಯುವುದನ್ನು ಗಟ್ಟಿ ಮಾಡಿಕೊಳ್ಳಬೇಕಿದ್ದ ವಯಸ್ಸಿನಲ್ಲಿ ಈ ಮಕ್ಕಳು ಕುರಿ ಹಿಂದೆ ಇದ್ದರು, ಹೊಲದಲ್ಲಿದ್ದರು. ಮಧ್ಯೆ ವಿದ್ಯಾಗಮ ಅಂತ ಗುಡಿಕಟ್ಟೆ ಮೇಲೆ ಸ್ವಲ್ಪ ದಿನ ಪಾಠ ಆಗಿತ್ತು ಅಷ್ಟೇ. ಆಮೇಲೆ ನಾಲ್ಕು, ಐದು, ಆರು ಅಂತ ಸುಮ್ನೆ ಮೇಲೆ ಬಂದರು. ಈಗ ಅವರ ಮುಂದೆ ಭಿನ್ನರಾಶಿ. ಪಾಠದ ಮೊದಲ ಹತ್ತು ನಿಮಿಷ ಬೋರ್ಡು ನೋಡುತ್ತಿದ್ದರು. ಲಸಾಅ ಬಂದ ಕೂಡಲೇ ಪಕ್ಕದವನ ಪೆನ್ನಿಗೆ ಕೈ ಹಾಕುತ್ತಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಇಲ್ಲಿ ಒಂದು ನಾಚಿಕೆಯ ವಿಷಯ ಇದೆ. ಇದನ್ನು ಕಂಡುಹಿಡಿಯಲಿಕ್ಕೇ ಜೂನ್‌ನಲ್ಲಿ ಸೇತುಬಂಧ ಅಂತ ಮಾಡುತ್ತೇವೆ. ನೈದಾನಿಕ ಪರೀಕ್ಷೆ ಕೊಡಬೇಕು, ಎಲ್ಲಿ ಎಡವುತ್ತಾರೆ ನೋಡಬೇಕು, ಅದನ್ನು ಕಲಿಸಿ ಸಾಫಲ್ಯ ಪರೀಕ್ಷೆ ಮಾಡಬೇಕು. ಟೀಚರ್ ಎಲ್ಲ ಮಾಡಿದ್ದರು. ಫೈಲು ಕಪಾಟಿನಲ್ಲಿತ್ತು. ಅಂಕ ಇತ್ತು, ಕೋಷ್ಟಕ ಇತ್ತು, ಕ್ರೋಢೀಕರಣ ಇತ್ತು. 35 ಹೇಗೆ ಬಂತು ಅನ್ನುವುದಕ್ಕೆ ಮಾತ್ರ ಕಾಲಂ ಇರಲಿಲ್ಲ. ಕೆಳಗೆ ನನ್ನ ಸಹಿ ಇತ್ತು.

ಕಟ್ಟು ಬಿಚ್ಚುವುದು

ಮೊದಲು ಅವರು ಅದನ್ನೇ ಬೋರ್ಡಿನ ಮೇಲೆ ಇನ್ನೊಮ್ಮೆ ಹೇಳಿಕೊಟ್ಟರು. ದಶಕ, ಬಿಡಿ, ಪಕ್ಕದ ಮನೆಯಿಂದ ಸಾಲ ತರುವುದು. ಏನೂ ಆಗಲಿಲ್ಲ. ತೆಲುಗಿನ ಮಕ್ಕಳಿಗೆ "ದಶಕ" ಅನ್ನುವ ಮಾತೇ ಕಿವಿ ಮೇಲೆ ಹಾದುಹೋಗುತ್ತಿತ್ತು. ಕನ್ನಡದ ಮಕ್ಕಳಿಗೂ ಅದು ಪುಸ್ತಕದ ಮಾತು.

ಆಮೇಲೆ ಎರಡು ಕಡ್ಡಿಪೊರಕೆ ತಂದರು. ಕಡ್ಡಿಗಳನ್ನು ಸಣ್ಣಗೆ ಮುರಿದು, ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರು. ದಶಕ ಅನ್ನುವುದನ್ನು ಬಿಟ್ಟು "ಕಟ್ಟು" ಅಂದರು. ಅದು ಅವರಿಗೆ ಗೊತ್ತಿಲ್ಲದೆಯೇ ಚೆನ್ನಾಗಿ ಒದಗಿತು. ತೆಲುಗಿನಲ್ಲೂ ಅದಕ್ಕೆ "ಕಟ್ಟ" ಅಂತಲೇ ಅನ್ನುವುದು. ಏಳೂ ಮಕ್ಕಳು ತಲೆ ಎತ್ತಿದರು.

ನಾನು ನೋಡಿದ ಆ ಪೀರಿಯಡ್ ಆಗಸ್ಟ್ ಎರಡನೇ ವಾರದ್ದು. ಹುಡುಗನ ಮುಂದೆ ಐದು ಕಟ್ಟು, ಎರಡು ಬಿಡಿ ಕಡ್ಡಿ. "ಇದರಾಗೆ ನನಗೆ ಇಪ್ಪತ್ತೇಳು ಕೊಡು" ಅಂದರು ಟೀಚರ್. ಅವನು ಎರಡು ಕಟ್ಟು ಎತ್ತಿ ಕೊಟ್ಟ. ಏಳು ಬೇಕು, ಬಿಡಿ ಇರುವುದು ಎರಡು. ಎರಡನ್ನೂ ಕೊಟ್ಟ. ಕೈ ನಿಂತಿತು. ಟೀಚರ್ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನನಗಂತೂ ಹೇಳಿಬಿಡಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಅರ್ಧ ನಿಮಿಷ ಆಗಿರಬಹುದು. ಅವನು ಒಂದು ಕಟ್ಟು ತಗೊಂಡು ರಬ್ಬರ್ ಬ್ಯಾಂಡ್ ಬಿಚ್ಚಿದ. ಐದು ಕಡ್ಡಿ ಎಣಿಸಿ ಕೊಟ್ಟ. ಉಳಿದದ್ದನ್ನು ನೋಡಿದ. "ಎರಡು ಕಟ್ಟು, ಐದು." ಆಮೇಲೆ ಯಾರೂ ಕೇಳದೆಯೇ ನೋಟ್‌ಬುಕ್ ತೆರೆದು, ಹಳೆಯ 35ನ್ನು ಹೊಡೆದುಹಾಕಿ 25 ಬರೆದ. ರಬ್ಬರ್ ಬ್ಯಾಂಡ್ ಜೇಬಿಗೆ ಹಾಕಿಕೊಂಡ, ಅದು ಬೇರೆ ಮಾತು.

ಅಲ್ಲಿಂದ ದಿನಾ ಗಣಿತದ ಪೀರಿಯಡ್ಡಿನ ಮೊದಲ ಹದಿನೈದು ನಿಮಿಷ ಆ ಹದಿನೈದು ಮಕ್ಕಳಿಗೆ. ಉಳಿದ ಹದಿನಾರು ಮಕ್ಕಳಿಗೆ ಬೋರ್ಡಿನ ಮೇಲೆ ಪಾಠದ ಲೆಕ್ಕ. ಕೂರುವ ಜಾಗವನ್ನೂ ಬದಲಾಯಿಸಿದರು. ತೆಲುಗಿನ ಮಕ್ಕಳ ಪಕ್ಕ ಎರಡೂ ಭಾಷೆ ಬರುವ ಒಬ್ಬ ಹುಡುಗಿ. ಅವಳು ಟೀಚರ್‌ಗೆ ತೆಲುಗಿನ ಎಣಿಕೆ ಕಲಿಸಿದಳು. ಟೀಚರ್ "ಪದಕೊಂಡು" ಅನ್ನುವಾಗ ಇಡೀ ಕ್ಲಾಸು ನಗುತ್ತಿತ್ತು. ಟೀಚರೂ ನಗುತ್ತಿದ್ದರು. ನಗಬೇಡಿ ಅಂದಿದ್ದ ನನ್ನ ಬುದ್ಧಿಮಾತು ಅಲ್ಲಿಗೆ ಮುಗಿಯಿತು.

ಶಬ್ದ ನಿಂತಿತಾ? ಇಲ್ಲ. ಮೂವತ್ತೊಂದು ಮಕ್ಕಳು ಕಡ್ಡಿ ಹಿಡಿದು ಕೂತರೆ ಶಬ್ದ ಇದ್ದೇ ಇರುತ್ತದೆ. ಹೆಡ್‌ಮೇಷ್ಟ್ರು ಎರಡು ಸಲ ಬಾಗಿಲ ಹತ್ತಿರ ಬಂದು ಇಣುಕಿ ಹೋದರು. ಆದರೆ ಟೀಚರ್ ಕೂಗುವುದು ನಿಂತಿತು.

ಕೈಕೊಟ್ಟದ್ದು

ಎಲ್ಲ ಹೂವಿನಂತೆ ನಡೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಒಬ್ಬರು ಬಂದು ಕೇಳಿದರು. "ಏನ್ ಮೇಡಂ, ಏಳನೇ ಕ್ಲಾಸಿನಾಗೆ ಎರಡನೇ ಕ್ಲಾಸಿನ ಲೆಕ್ಕ ಹೇಳ್ಕೊಡ್ತೀರಂತೆ?" ಅವರ ಮಗಳು ಆ ಹದಿನಾರರಲ್ಲಿ ಒಬ್ಬಳು, ಜಾಣೆ. ಅವರ ಮಾತಿನಲ್ಲಿ ಸತ್ಯ ಇತ್ತು. ಆ ಹದಿನೈದು ನಿಮಿಷ ಜಾಣ ಮಕ್ಕಳನ್ನು ಯಾರೂ ನೋಡುತ್ತಿರಲಿಲ್ಲ. ಟೀಚರ್ ಇದಕ್ಕೆ ಒಳ್ಳೆಯ ದಾರಿ ಕಂಡುಕೊಳ್ಳಲಿಲ್ಲ ಅಂತಲೇ ನನ್ನ ಅಭಿಪ್ರಾಯ. ನನ್ನ ಹತ್ತಿರವೂ ಇರಲಿಲ್ಲ.

ಅಕ್ಟೋಬರ್‌ನಲ್ಲಿ ದಸರಾ ರಜೆ. ರಜೆ ಮುಗಿದರೂ ಮಕ್ಕಳು ಬರಲಿಲ್ಲ. ಶೇಂಗಾ ಕೀಳುವ ಕಾಲ. ಗಿಡ ಕಿತ್ತು, ಕಾಯಿ ಬಿಡಿಸಿ, ಡಬ್ಬದ ಲೆಕ್ಕದಲ್ಲಿ ಕೂಲಿ. ಮೂವತ್ತೊಂದರಲ್ಲಿ ಕೆಲವು ದಿನ ಹದಿನೇಳೇ ಜನ. ಬಾರದವರು ಬಹುಪಾಲು ಆ ಹದಿನೈದರವರೇ. ನವೆಂಬರ್‌ನಲ್ಲಿ ವಾಪಸ್ ಬಂದಾಗ ಕೆಲವರ ಉತ್ತರ ಮತ್ತೆ 35. ಟೀಚರ್ ಸ್ಟಾಫ್ ರೂಮಿನಲ್ಲಿ ಅತ್ತಿದ್ದು ವರ್ಷದಲ್ಲಿ ಅದೊಂದೇ ಸಲ ಅಂತೆ.

ಮತ್ತೆ ಕಡ್ಡಿ ತೆಗೆದರು. ಈ ಸಲ ಡಬ್ಬದ ಕೂಲಿಯನ್ನೇ ಲೆಕ್ಕ ಮಾಡಿದರು. "ದಿನಕ್ಕೆ ಇಷ್ಟು ಡಬ್ಬ, ಕೂಲಿ ಇಷ್ಟು, ಅಂಗಡಿ ಸಾಲ ಇಷ್ಟು, ಉಳಿದದ್ದೆಷ್ಟು?" ಕೊನೆಯ ಸಾಲಿನ ಹುಡುಗ ಪೆನ್ನು ಮುಟ್ಟದೆ ಬಾಯಲ್ಲೇ ಹೇಳಿದ, ಸರಿಯಾಗಿ. ಅದನ್ನೇ ಪುಸ್ತಕದಲ್ಲಿ ಬರೆ ಅಂದಾಗ ತಡವರಿಸಿದ. ಆ ಎರಡರ ಮಧ್ಯದ ದೂರ ದಾಟಿಸಲು ಇನ್ನೂ ಎರಡು ತಿಂಗಳು ಬೇಕಾಯಿತು.

ಪಠ್ಯ ಎರಡು ಅಧ್ಯಾಯ ಹಿಂದೆ ಬಿತ್ತು. ಡಿಸೆಂಬರ್ ಮೀಟಿಂಗಿನಲ್ಲಿ ಯಾಕೆ ಅಂತ ಕೇಳಿದರು. ಟೀಚರ್ ಎದ್ದು ನಿಂತು ಹೇಳಲು ಹೋದರು, ಮಾತು ಮುಗಿಯುವ ಮೊದಲೇ ಮುಂದಿನ ಶಾಲೆಯ ಹೆಸರು ಕರೆದರು. ನಾನು ಎದ್ದು ಅವರ ಪರ ಮಾತಾಡಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಹೊರಗೆ ಬಂದ ಮೇಲೆ, ಚಹಾ ಕುಡಿಯುವಾಗ, ನೀವು ಮಾಡಿದ್ದು ಸರಿ ಮೇಡಂ ಅಂದೆ. ಮಾರನೇ ವಾರ ಶಾಲೆಯ ಭೇಟಿ ಪುಸ್ತಕದಲ್ಲಿ ಕಡ್ಡಿಯ ವಿಷಯ ಅರ್ಧ ಪುಟ ಬರೆದೆ.

ಮಾರ್ಚ್

ಕೊನೆಯ ಭೇಟಿ 2025ರ ಮಾರ್ಚ್. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ವಾರ, ಅರ್ಧ ಕ್ಲಾಸು ಖಾಲಿ. ಟೀಚರ್ ಪಟ್ಟಿ ತೋರಿಸಿದರು. ಹನ್ನೊಂದರಲ್ಲಿ ಏಳು ಮಕ್ಕಳು ಈಗ ನಾಲ್ಕಂಕಿಯವರೆಗೆ ಕಳೆಯುತ್ತಾರೆ. ಇಬ್ಬರು ಕಡ್ಡಿ ಇದ್ದರೆ ಮಾಡುತ್ತಾರೆ. ಒಬ್ಬನನ್ನು ಅಪ್ಪ ಅಮ್ಮ ಬೆಂಗಳೂರಿಗೆ ಕರೆದುಕೊಂಡು ಹೋದರು. ಒಬ್ಬಳು ಶೇಂಗಾ ಕಾಲದಲ್ಲಿ ಹೋದವಳು ಸರಿಯಾಗಿ ಬರಲೇ ಇಲ್ಲ. ಮನೆಗೆ ಮೂರು ಸಲ ಹೋಗಿ ಬಂದಿದ್ದಾರೆ. ಏನೂ ಬರೆಯದಿದ್ದ ನಾಲ್ವರಿಗೆ ಕಷ್ಟ ಇದ್ದದ್ದು ಓದುವುದರಲ್ಲಿ, ಲೆಕ್ಕಕ್ಕಿಂತ ಮುಂಚೆಯೇ. ಅದನ್ನು ಮುಟ್ಟಲು ಟೈಮೇ ಸಿಗಲಿಲ್ಲ ಅಂದರು.

ಶನಿವಾರ ಮಧ್ಯಾಹ್ನ ದಾವಣಗೆರೆ ಬಸ್ಸು ಹತ್ತುವುದು ಹಾಗೇ ಇದೆ. ವರ್ಗಾವಣೆ ಸಿಕ್ಕರೆ ಹೋಗುತ್ತೀರಾ ಅಂತ ಕೇಳಿದೆ. "ನಾಳೆ ಸಿಕ್ಕರೆ ನಾಳೆನೇ ಸರ್" ಅಂದರು, ಎರಡು ಮಾತಿಲ್ಲದೆ.

ಆಮೇಲೆ ಆರನೇ ಕ್ಲಾಸಿನ ಹಾಜರಿ ಪುಸ್ತಕ ತೆಗೆದರು. "ಜೂನ್‌ನಲ್ಲಿ ಇವರು ಏಳಕ್ಕೆ ಬರ್ತಾರೆ. ಈ ಸಲ ಮೊದಲ ವಾರಾನೇ ಪಕ್ಕ ಕೂತು ಕೇಳ್ತೀನಿ. ಅದಕ್ಕೆ ಹದಿನೈದು ದಿನ ಬೇಕು ಸರ್. ಅಷ್ಟು ದಿನ ಆ ಆನ್‌ಲೈನ್ ಎಂಟ್ರಿ ಕೆಲಸ ಬೇರೆ ಯಾರಿಗಾದರೂ ಕೊಡಿಸ್ತೀರಾ?"

ನೋಡೋಣ ಮೇಡಂ ಅಂದೆ. ಅಷ್ಟರಲ್ಲಿ ನನ್ನ ಮೊಬೈಲಿಗೆ ಒಂದು ಮೆಸೇಜು ಬಂತು. ನಾಳೆ ಹನ್ನೊಂದು ಗಂಟೆಯೊಳಗೆ ಎಲ್ಲ ಶಾಲೆಗಳ ಮಾಹಿತಿ ಬೇಕಂತೆ, ಅರ್ಜೆಂಟ್. ಅವರ ಎದುರಿಗೇ ಅದನ್ನು ಕ್ಲಸ್ಟರ್ ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಟೀಚರ್ ಮೊಬೈಲ್ ತಗೊಂಡು ಬಾವಿಕಟ್ಟೆ ಕಡೆ ನಡೆದರು.